ನೆಗಡಿ ಮಾತ್ರೆ ನಿದ್ದೆ ಮಾತ್ರೆಯಲ್ಲ

‘ನಿದ್ದೆ ಬರದಿದ್ದರೆ ಅರ್ಧ ನೆಗಡಿ ಮಾತ್ರೆ ನುಂಗಿ, ಅಭ್ಯಾಸ ಆಗಲ್ಲ, ತೊಂದರೆಯೂ ಇಲ್ಲ’ ಅನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ತೂಕಡಿಕೆ ಬರುವುದೇನೋ ನಿಜ. ಅನೇಕ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್‌ನಂಥ ಹಳೇ ಅಲರ್ಜಿ ಔಷಧಿಗಳು ಮಿದುಳಿಗೂ ಹೋಗುತ್ತವೆ. ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕವಾದ ಹಿಸ್ಟಮಿನ್‌ಗೆ ಅಲ್ಲಿ ಅಡ್ಡಗಾಲು ಹಾಕುತ್ತವೆ.

ಆದರೆ ದಿನಾ ತಗೊಂಡರೆ ಕೆಲವೇ ದಿನಗಳಲ್ಲಿ ಮೈ ಒಗ್ಗಿಹೋಗುತ್ತದೆ. ಆಗ ಅರ್ಧ ಮಾತ್ರೆ ಒಂದಾಗುತ್ತದೆ, ಅಲ್ವಾ? ಮೈಯಲ್ಲಿ ಕ್ಲೋರ್‌ಫೆನಿರಮೈನ್ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ರಾತ್ರಿ 10ಕ್ಕೆ ನುಂಗಿದ್ದು ಬೆಳಿಗ್ಗೆ ಸ್ಕೂಟರ್ ಓಡಿಸುವಾಗಲೂ ಒಳಗೇ ಇರುತ್ತದೆ.

ವಯಸ್ಸಾದವರಿಗಂತೂ ಸುಮ್ನೆ ಕೊಡಲೇಬೇಡಿ. ಬಾಯಿ ಒಣಗಬಹುದು, ಮೂತ್ರ ಕಟ್ಟಬಹುದು, ತಲೆ ಗಲಿಬಿಲಿಯಾಗಬಹುದು. ರಾತ್ರಿ ಬಚ್ಚಲಿಗೆ ಎದ್ದವರು ಜೋಲಿ ತಪ್ಪಿ ಬೀಳುವುದೂ ಉಂಟು. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸಿ.