ಹುಳಕ್ಕೆ ಸಂಬಂಧ ನೋಡುವ ಸರ್ಕಾರ

ನಮ್ಮ ಸರ್ಕಾರ ಕೈ ಹಾಕಿದ ಕೆಲಸಗಳಲ್ಲೆಲ್ಲ ನಾಜೂಕಿನದು ಯಾವುದು? ಹುಳಕ್ಕೆ ಮದುವೆ ಮಾಡಿಸುವುದು. ನಗಬೇಡಿ, ಬಿಟಿ ಹತ್ತಿಗೆ ಅನುಮತಿ ಕೊಟ್ಟ 2002ರಲ್ಲೇ ಇದೂ ಶುರುವಾಯಿತು.

ಬಿಟಿ ಹತ್ತಿ ಅಂದರೆ, ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಜೀನ್ ಹತ್ತಿ ಗಿಡದೊಳಗೇ ಕೂತು ಹುಳಕ್ಕೆ ವಿಷ ಮಾಡುತ್ತದೆ. ಕಚ್ಚಿದ ಕಾಯಿಕೊರಕ ಸಾಯುತ್ತದೆ. ಆದರೆ ಅಷ್ಟೊಂದು ಹುಳಗಳ ನಡುವೆ ಎಲ್ಲೋ ಒಂದೆರಡಕ್ಕೆ ಅದು ನಾಟುವುದೇ ಇಲ್ಲ. ಅಂಥ ಎರಡು ಗಟ್ಟಿಪಿಂಡಗಳು ಪತಂಗವಾಗಿ ಜೊತೆಯಾದರೆ ಮಕ್ಕಳೂ ಗಟ್ಟಿಪಿಂಡಗಳೇ. ಗಟ್ಟಿ ಗಂಡಿಗೆ ಸಾಧಾರಣ ಹೆಣ್ಣು ಸಿಕ್ಕರೆ ಮಾತ್ರ ಮಕ್ಕಳು ಬಿಟಿ ಕಾಯಿ ತಿಂದು ಸಾಯುತ್ತವೆ. ಈ ಗಟ್ಟಿತನ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಬಂದರಷ್ಟೇ ಕೆಲಸ ಮಾಡುವುದು.

ಹಾಗಾದರೆ ಸಾಧಾರಣ ಸಂಬಂಧಗಳನ್ನು ಎಲ್ಲಿಂದ ತರುವುದು? ಹೊಲದಲ್ಲೇ ಸಾಕಬೇಕು. ಅದಕ್ಕೊಂದು ನಿಯಮ: ಬಿಟಿ ಹತ್ತಿಯ ಸುತ್ತ ಐದು ಸಾಲು, ಇಲ್ಲವೇ ಬಿತ್ತನೆಯ ಶೇ 20, ಯಾವುದು ಜಾಸ್ತಿಯೋ ಅಷ್ಟು ಜಾಗದಲ್ಲಿ ಬಿಟಿ ಅಲ್ಲದ ಹತ್ತಿ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂನ ಇನ್ನೊಂದು ಪ್ಯಾಕೆಟ್ ಕೊಟ್ಟರು. ಹುಳ ತಿನ್ನಬಾರದು ಅಂತ ದುಡ್ಡು ಕೊಟ್ಟು ಬೀಜ ತಂದವನಿಗೆ, ಹುಳಕ್ಕೂ ಒಂದು ಪಾಲು ಬಿಡಪ್ಪಾ ಎನ್ನುವ ಪ್ಯಾಕೆಟ್! ನಷ್ಟ ತುಂಬುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಯಾವ ಪ್ಯಾಕೆಟ್ಟೂ ಇರಲಿಲ್ಲ.

ಬಹಳಷ್ಟು ರೈತರು ಅದನ್ನು ಬಿತ್ತಲೇ ಇಲ್ಲ. ಅವರನ್ನು ಬೈಯುವುದು ಸುಲಭ. ಎರಡು ಎಕರೆ ಇರುವವನಿಗೆ ವಿಜ್ಞಾನದ ಹೆಸರಲ್ಲಿ ಹುಳದ ಸಂಸಾರ ನೋಡಿಕೋ ಎಂದು ಹೇಳಿ, ಹೊಲಕ್ಕೆ ಬಂದು ನೋಡದವರನ್ನು ಏನೆನ್ನಬೇಕು?

ಇದರಲ್ಲಿ ಇನ್ನೊಂದು ಮಜಾ ಇದೆ. ಅಮೆರಿಕನ್ ಕಾಯಿಕೊರಕ ತೊಗರಿ, ಕಡಲೆ ಎಲ್ಲವನ್ನೂ ಮೇಯುತ್ತದೆ. ಅದಕ್ಕೆ ಪಕ್ಕದ ಹೊಲದಲ್ಲೂ ಸಂಬಂಧ ಸಿಗುತ್ತದೆ. ಗುಲಾಬಿ ಕಾಯಿಕೊರಕ ಹಾಗಲ್ಲ. ಅದಕ್ಕೆ ಇಲ್ಲಿ ಹತ್ತಿ ಬಿಟ್ಟರೆ ಹೆಚ್ಚೇನೂ ರುಚಿಸುವುದಿಲ್ಲ. ಎಲ್ಲ ಕಡೆ ಬಿಟಿಯೇ ಇದ್ದರೆ ಬದುಕಿ ಉಳಿದವಕ್ಕೆ ಬದುಕಿ ಉಳಿದವೇ ಗತಿ. ಅಂದರೆ ಆ ಪುಟ್ಟ ಪ್ಯಾಕೆಟ್ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದು ಈ ಹುಳದ ವಿಷಯದಲ್ಲಿ.

ಆಮೇಲೆ ಆಗಬೇಕಾದ್ದೇ ಆಯಿತು. ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ 2009ರ ಬೆಳೆಯ ಗುಲಾಬಿ ಕಾಯಿಕೊರಕ ಒಂದು ಜೀನ್‌ನ ಬಿಟಿ ಹತ್ತಿಗೆ ಜಗ್ಗುತ್ತಿಲ್ಲ ಎಂದು ಆ ಬಿಟಿ ತಂತ್ರಜ್ಞಾನ ಕೊಟ್ಟ ಮಾನ್ಸಾಂಟೊ ಕಂಪನಿಯೇ 2010ರಲ್ಲಿ ಹೇಳಿತು. ಹೇಳಿದ ಮದ್ದೇನು? ಎರಡು ಜೀನ್‌ನ ಬೀಜ ಹಾಕಿ! ಅದು 2006ರಿಂದಲೇ ಮಾರುಕಟ್ಟೆಯಲ್ಲಿತ್ತು. ಹುಳ ಕೆಲವೇ ವರ್ಷಗಳಲ್ಲಿ ಎರಡನೆಯದನ್ನೂ ಅರಗಿಸಿಕೊಂಡಿತು. ಅದರ ಹೊಟ್ಟೆಗೆ ಸಂಶೋಧನಾ ಅನುದಾನ ಬೇಕಿಲ್ಲ, ಸಮಿತಿಯ ಒಪ್ಪಿಗೆಯೂ ಬೇಕಿಲ್ಲ.

ಇದು ಆಗದ ಕೆಲಸ ಅಂತೀರಾ? ಇದೇ ಜಾತಿಯ ಹುಳ ಅಮೆರಿಕದ ಅರಿಜೋನಾದಲ್ಲೂ ಇತ್ತು. ಅಲ್ಲಿ ಬಿಟಿ ಅಲ್ಲದ ಹತ್ತಿಯನ್ನು ನಿಜಕ್ಕೂ ಬೆಳೆದರು. ಆಮೇಲೆ ಸಂತಾನ ಆಗದ ಪತಂಗಗಳನ್ನು ವಿಮಾನದಿಂದ ಹೊಲಗಳ ಮೇಲೆ ಸುರಿದರು. 2018ರಲ್ಲಿ ಆ ದೇಶದ ಹತ್ತಿಯಿಂದ ಗುಲಾಬಿ ಕಾಯಿಕೊರಕ ತೊಲಗಿತು ಎಂದು ಅಲ್ಲಿನ ಸರ್ಕಾರವೇ ಘೋಷಿಸಿತು. ನಮ್ಮಲ್ಲಿ ವಿಮಾನ ಬೇಡ, ಬೈಕಿನಲ್ಲಿ ಬಂದು ಐದು ಸಾಲು ಎಣಿಸಿದ್ದರೂ ಸಾಕಿತ್ತು.

ಈಗ ಹೊಸ ಉಪಾಯ ಬಂದಿದೆ. ಬಿಟಿ ಅಲ್ಲದ ಬೀಜವನ್ನು ಅದೇ ಚೀಲದಲ್ಲಿ ಬೆರೆಸಿಯೇ ಕೊಡುವುದು. ರೈತ ಬೇಡವೆಂದು ಎಸೆಯುವ ಹಾಗಿಲ್ಲ, ಅಧಿಕಾರಿ ಹೊಲಕ್ಕೆ ಹೋಗುವ ಕಷ್ಟವೂ ಇಲ್ಲ. ಬಹಳ ಒಳ್ಳೆಯ ಯೋಚನೆ. ಹುಳ ಒಂದು ಜೀನ್ ಅರಗಿಸಿಕೊಳ್ಳುವ ಮೊದಲೇ ಬಂದಿದ್ದರೆ ಇನ್ನೂ ಒಳ್ಳೆಯದಿತ್ತು, ಅದು ಎರಡನ್ನೂ ಅರಗಿಸಿಕೊಂಡ ಮೇಲೆ ಬಂದಿದೆ.