ಬಾಗಿಲುಗಳ ಬಿಗುಮಾನ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಒಳಬಾಗಿಲುಗಳಿಗೆ ಎಲ್ಲಿಲ್ಲದ ಬಿಗುಮಾನ ಬರುತ್ತದೆ. ಬೇಸಿಗೆಯಲ್ಲಿ ಕಿರುಬೆರಳು ತಾಗಿದರೂ ಸರಿಯುತ್ತಿದ್ದ ಹಲಸಿನ ಬಾಗಿಲು ಆಷಾಢದಲ್ಲಿ ಮೊದಲು ಮಂಡಿಯನ್ನು, ಆಮೇಲೆ ಭುಜವನ್ನು, ಕೊನೆಗೆ ಪಕ್ಕದ ಮನೆಯವರನ್ನೂ ಬೇಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿದ್ದುಕೊಂಡು ಒಣ ಗಾಳಿ ಬೇಕೆನ್ನುವುದು ದುರಾಸೆಯೇ ಸರಿ. ಮರವು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಅದೂ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ನಾರಿಗೆ ಅಡ್ಡವಾಗಿ, ಅಂದರೆ ಅಗಲಕ್ಕೆ. ಹೀಗಾಗಿಯೇ ಬಾಗಿಲು ಚಿಲಕದ ಬದಿಯಲ್ಲಿ ದಾರಂದವನ್ನು ಕಚ್ಚಿ ಹಿಡಿಯುತ್ತದೆ.

ಈ ವಿಜ್ಞಾನವನ್ನು ಕಳೆದ ಮಳೆಗಾಲದಲ್ಲಿ ಬಚ್ಚಲುಮನೆಯೊಳಗೆ ಸಿಕ್ಕಿಕೊಂಡಿದ್ದ ಬೆಂಗಳೂರಿನ ಭಾವನಿಗೆ ಹೊರಗಿನಿಂದ ವಿವರಿಸುವುದು ಕಷ್ಟವಾಯಿತು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ನಾನು ಹೊರಗಿನಿಂದ ಗುದ್ದಬೇಕು, ಅವರು ದೂರ ನಿಲ್ಲಬೇಕು. ತಗಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿನಲ್ಲಿ “ಹಿಂದೆ ಸರೀರಿ ಭಾವ” ಎಂದ ನನ್ನ ಮಾತಿನಲ್ಲಿ ಅವರಿಗೆ ಕೇಳಿಸಿದ್ದು “ಸರಿ” ಎಂಬುದಷ್ಟೇ ಇರಬೇಕು, ಏಕೆಂದರೆ ಬಾಗಿಲು ತೆರೆದಾಗ ಅವರು ಹಣೆ ಹಿಡಿದುಕೊಂಡು ಬಿಸಿನೀರ ಹಂಡೆಗೆ ಒರಗಿದ್ದರು. ಅಕ್ಕ ನನ್ನನ್ನು ಬೈದಳು. ಬಾಗಿಲನ್ನು ಯಾರೂ ಬೈಯಲಿಲ್ಲ.

ಮರುದಿನವೇ ಆಚಾರಿಯವರನ್ನು ಕರೆಸಲಾಯಿತು. ಉಜ್ಜುಗೊರಡು ಹೊರಬರುತ್ತದೆಂದು ಎಲ್ಲರೂ ಕಾದಿದ್ದರೆ, ಅವರು ಕವಳ ಹಾಕಿಕೊಂಡು ಬಾಗಿಲನ್ನು ಸುತ್ತಲೂ ನೋಡಿದರಷ್ಟೇ. “ಈಗ ಕೀಸಿದ್ರೆ ಬೇಸಿಗೇಲಿ ಆ ಸಂದೀಲಿ ಬೆಕ್ಕು ಓಡಾಡ್ತದೆ ಅಯ್ಯಾ” ಎಂದರು. ದಾರಂದದ ಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲನ್ನು ಎಳೆದಾಗ, ಮೇಲಿನ ಮೂಲೆಯಲ್ಲಿ ಮಾತ್ರ ಬಿಳಿ ಗೆರೆ ಮೂಡಿತ್ತು. ಮೇಲಿನ ತಿರುಗಣೆಯ ಸ್ಕ್ರೂಗಳು ತೂತಿನಲ್ಲಿ ಸುಮ್ಮನೆ ಸುತ್ತುತ್ತಿದ್ದುದರಿಂದ ಬಾಗಿಲು ಆ ಕಡೆಗೆ ಜೋತುಬಿದ್ದಿತ್ತು. ತೂತಿಗೆ ಗೋಂದು ಹಚ್ಚಿದ ಬಿದಿರಿನ ಸಿಬಿರು ತುರುಕಿ, ಮುರಿದು, ಸ್ಕ್ರೂವನ್ನು ಮತ್ತೆ ಬಿಗಿದ ಮೇಲೆ ಅರ್ಧ ಮುನಿಸು ಇಳಿಯಿತು. ಉಳಿದರ್ಧಕ್ಕೆ, ಉಜ್ಜುವ ಜಾಗದ ಮೇಲೆ ಮೇಣದಬತ್ತಿ ತಿಕ್ಕಿದರು. ಎಣ್ಣೆ ಬಳಿಯಬೇಕೆಂದು ನಮ್ಮ ಚಿಕ್ಕಪ್ಪ ಹಟ ಹಿಡಿದರಾದರೂ, ಧೂಳು ಅಂಟುತ್ತದೆಂದು ಆಚಾರಿಯವರು ಒಪ್ಪಲಿಲ್ಲ. ಇಂಥ ವಿಷಯಗಳಲ್ಲಿ ನನಗೆ ಚಿಕ್ಕಪ್ಪನಿಗಿಂತ ಆಚಾರಿಯವರ ಮೇಲೆಯೇ ಹೆಚ್ಚು ನಂಬಿಕೆ.

ಹೊರಡುವ ಮುನ್ನ ಅವರು ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿ ಬಾಗಿಲಿನ ನೆತ್ತಿಯನ್ನು ಮುಟ್ಟಿಸಿದರು. ಮುಖಕ್ಕೆಲ್ಲ ಹೊಳೆಯುವ ವಾರ್ನಿಷ್ ಬಳಿದಿದ್ದರೂ ಯಾರ ಕಣ್ಣಿಗೂ ಬೀಳದ ಆ ಅಂಚು ಬೋಳಾಗಿತ್ತು, ಬೆರಳಿಗೆ ತರಿತರಿಯಾಗಿ ಹತ್ತುತ್ತಿತ್ತು. ಬುಡದ ಅಂಚಿನ ಕತೆಯೂ ಅಷ್ಟೇ. ಕೊಯ್ದ ನಾರಿನ ತುದಿಗಳು ಅಲ್ಲಿ ಬಾಯಿ ತೆರೆದುಕೊಂಡಿರುವುದರಿಂದ ತೇವ ಬೇಗನೆ ಇಳಿಯುತ್ತದಂತೆ. ಮರ ಒಣಗಿದ ಮೇಲೆ, ಶಿವರಾತ್ರಿಯ ಹೊತ್ತಿಗೆ ಬಂದು ಬಾಗಿಲು ಕಳಚಿ, ಬೇಕಿದ್ದರಷ್ಟೇ ಕೂದಲೆಳೆಯಷ್ಟು ಕೀಸಿ, ಎರಡೂ ಅಂಚುಗಳಿಗೆ ವಾರ್ನಿಷ್ ಹಚ್ಚಿಕೊಡುವುದಾಗಿ ಮಾತಾಯಿತು.

ಹೇಳಿದ ಮಾತಿನಂತೆ ಅವರು ಬಂದೂ ಬಂದರು. ಅಷ್ಟರಲ್ಲಿ ಬಾಗಿಲು ಗಾಳಿಗೇ ತೆರೆದುಕೊಳ್ಳುತ್ತಿತ್ತು. “ಚೆನ್ನಾಗೇ ಉಂಟಲ್ಲ, ಸುಮ್ಮನೆ ದುಡ್ಡು ದಂಡ” ಎಂದ ಅಮ್ಮ ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿದರು.