ಯಾವ ಚಟಕ್ಕೆ ಅಂತಲೂ ಹೇಳಿ

ತಲೆಗೆ ತಂತಿಸುರುಳಿ (ಕಾಯಿಲ್) ಹಿಡಿದು ಆಯಸ್ಕಾಂತದ ಮಿಡಿತ ಕೊಟ್ಟರೆ (ಟಿಎಂಎಸ್) ಡ್ರಗ್ಸ್ ಚಟ ಬಿಟ್ಟುಹೋಗುತ್ತದೆ ಅನ್ನೋ ಧಾಟಿಯಲ್ಲಿ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸಾರ್. ಇದು ಬೋಗಸ್ ಚಿಕಿತ್ಸೆ ಅಲ್ಲ, ಒಪ್ಪಿದೆ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ಕೊಟ್ಟದ್ದು ಸಿಗರೇಟು ಬಿಡಿಸೋದಕ್ಕೆ, ಹೆರಾಯಿನ್‌ಗಲ್ಲ. ಅದಕ್ಕೆ ಆಧಾರವಾದ ಪ್ರಯೋಗದಲ್ಲಿ 262 ಮಂದಿ ಇದ್ದರು. ಮೊದಲು ಬೇಕಂತಲೇ ಸಿಗರೇಟಿನ ಆಸೆ ಕೆರಳಿಸಿ, ಆಮೇಲೆ ಮಿಡಿತ ಕೊಡುತ್ತಿದ್ದರು (ಇದು ಕುತೂಹಲದ ವಿಷಯ, ನೀವು ಬರೆಯಲೇ ಇಲ್ಲ). 18ನೇ ವಾರದ ಹೊತ್ತಿಗೆ ಸತತವಾಗಿ ಬಿಟ್ಟವರು ನೂರಕ್ಕೆ 19. ಹೋಲಿಕೆಗೆಂದು ನಕಲಿ ಮಿಡಿತ ಕೊಟ್ಟ ಗುಂಪಿನಲ್ಲಿ ಸುಮಾರು 9. ದುಪ್ಪಟ್ಟು ಅನ್ನಿ, ಸರಿ. ನೂರರಲ್ಲಿ ಉಳಿದ 81 ಮಂದಿಯ ಕಥೆ?

ಕೊಕೇನ್ ಬಗ್ಗೆ ಇಟಲಿಯ ಪಡೋವಾದಿಂದ 2016ರಲ್ಲಿ ಬಂದ ಫಲಿತಾಂಶ ಇದಕ್ಕಿಂತ ಆಶಾದಾಯಕವಾಗಿತ್ತು. ಆದರೆ ಇದ್ದವರೇ 32 ಮಂದಿ, ತಮಗೆ ಯಾವ ಚಿಕಿತ್ಸೆ ಅಂತ ಅವರಿಗೆ ಗೊತ್ತೂ ಇತ್ತು.

ನನ್ನ ತಕರಾರು ಬೇರೆಯದೇ. ಹೆರಾಯಿನ್, ಬ್ರೌನ್ ಶುಗರ್‌ಗೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಅಂತ ಪರೀಕ್ಷೆಯಲ್ಲಿ ಗೆದ್ದ ಔಷಧಿಗಳಿವೆ. ಇಂಥ ಲೇಖನ ಓದಿ ಮನೆಯವರು ಮಾತ್ರೆ ನಿಲ್ಲಿಸಿ ಮೆಷೀನ್ ಹಿಂದೆ ಹೋದರೆ ಅಪಾಯ. ಕೆಲವು ವಾರ ಹೆರಾಯಿನ್ ಬಿಟ್ಟ ದೇಹಕ್ಕೆ ಮೊದಲಿನ ತಾಳಿಕೆ ಇರಲ್ಲ, ಹಳೇ ಪ್ರಮಾಣವೇ ಮತ್ತೆ ತಗೊಂಡರೆ ಜೀವಕ್ಕೇ ಕುತ್ತು. ಮೂರ್ಛೆರೋಗ ಇರುವವರು, ತಲೆಯೊಳಗೆ ಲೋಹದ ಕ್ಲಿಪ್ ಹಾಕಿಸಿಕೊಂಡವರು ಮಿಡಿತ ಕೊಡುವ ಮೊದಲೇ ಡಾಕ್ಟರಿಗೆ ಹೇಳಬೇಕು ಅನ್ನೋದೂ ಲೇಖನದಲ್ಲಿಲ್ಲ.

ನಮ್ಮ ಸಂಬಂಧಿಕರ ಹುಡುಗನಿಗೆ ಒಂದು ಕ್ಲಿನಿಕ್‌ನವರು ‘ಪ್ಯಾಕೇಜ್’ ರೇಟು ಹೇಳಿದರು, ಇದ್ಯಾವುದನ್ನೂ ಕೇಳಲಿಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಅಲ್ಲಿನ ವೈದ್ಯರನ್ನೊಮ್ಮೆ ಮಾತಾಡಿಸಿ ಎರಡನೇ ಕಂತು ಬರೀತೀರಾ?